ಮಾನ್ವಿಗೆ ಕಳಿಸಿದ ಕೌದಿ

ಶರಣಯ್ಯನವರ ಮನೆಯಲ್ಲಿ ಕಾಗದ ಬಿಸಾಡುವುದೆಂದರೆ ಅನ್ನ ಬಿಸಾಡಿದಷ್ಟೇ ತಪ್ಪು. ಮೂವತ್ತೆಂಟು ವರ್ಷ ಅವರು ರಾಯಚೂರಿನ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದವರು. ಗೇಟು ದಾಟಿದ ಒಂದೊಂದು ಲಾರಿಯ ಚೀಟಿಯನ್ನೂ ಕಬ್ಬಿಣದ ತಂತಿಗೆ ಚುಚ್ಚಿ ಇಟ್ಟವರು. ಕೆಲಸ ಬಿಟ್ಟ ದಿನ ಮಾಲೀಕರು ಶಾಲು ಹೊದಿಸಿದರು; ತಂತಿಯನ್ನು ಇವರೇ ಕೇಳಿ ತಂದರು. ಈಗ ಅದು ಪಡಸಾಲೆಯ ಕಿಟಕಿ ಸರಳಿಗೆ ತೂಗುಬಿದ್ದಿದೆ. ಸೊಸೆ ಸ್ವಪ್ನಾ ಅಂಚೆ ಕಚೇರಿಯಿಂದ ತರುವ ರಸೀದಿಗಳೆಲ್ಲ ಅದರ ಪಾಲು.

ಸ್ವಪ್ನಾಳದು ಫೋನಿನಲ್ಲಿ ನಡೆಯುವ ವ್ಯಾಪಾರ. ದೇವದುರ್ಗ ತಾಲೂಕಿನ ಗಬ್ಬೂರಿನಲ್ಲಿ ಪಕೀರಮ್ಮನೂ ಇನ್ನು ನಾಲ್ವರು ಹೆಂಗಸರೂ ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಕೌದಿ ಹೊಲಿಯುತ್ತಾರೆ. ಅತ್ತೆ ಬಸವಂತಮ್ಮ ಮನೆಯಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳನ್ನು ಕುಟ್ಟುತ್ತಾರೆ. ಸ್ವಪ್ನಾ ಫೋಟೊ ತೆಗೆದು ಆ್ಯಪಿನ ಅಂಗಡಿಗೆ ಹಾಕುತ್ತಾಳೆ, ಆರ್ಡರು ಬಂದರೆ ಕಟ್ಟಿ ಅಂಚೆಗೆ ಕೊಡುತ್ತಾಳೆ. ಗಂಡ ಕೊಟ್ರೇಶ ತೀರಿಹೋದ ಮೇಲೆ, ಎಂ.ಎ. ಓದಿದ ವೈನಿ ಗೋಡೆ ನೋಡುತ್ತ ಕೂರುವುದನ್ನು ತಾಳಲಾರದೆ ನಾದಿನಿ ಕಾವ್ಯಾ ತೆರೆಸಿಕೊಟ್ಟ ಅಂಗಡಿ ಅದು. ಎರಡು ವರ್ಷದಲ್ಲಿ ಅಂಗಡಿ ಕುದುರಿತು. ಸ್ವಪ್ನಾ ಕುದುರಲಿಲ್ಲ. ಕೆಲಸ ಮಾಡುತ್ತಿದ್ದಳು, ಉಣ್ಣುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಅಷ್ಟೇ.

ಮೇ ಕೊನೆಯ ವಾರದ ಒಂದು ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದಾಗ ಅವಳ ಫೋನು ಗುಂಯ್ ಎಂದಿತು. ಸ್ವಪ್ನಾ ಓದಿದಳು. ಮತ್ತೊಮ್ಮೆ ಓದಿ ಫೋನನ್ನು ಕಾವ್ಯಾಳ ಕಡೆ ಸರಿಸಿದಳು.

“ಗಟ್ಟಿ ಓದಬೇ, ನಮಗೂ ತಿಳೀಲಿ,” ಎಂದರು ಬಸವಂತಮ್ಮ, ರೊಟ್ಟಿಗೆ ಪುಂಡಿ ಪಲ್ಯ ಹಚ್ಚುತ್ತ.

ಬರೆದವಳು ಮಾನ್ವಿಯ ಯಶೋದಾ. ತಾಯಿ ತೀರಿಕೊಂಡ ಮೇಲೆ ಆಕೆಯ ಮೂರು ಇಳಕಲ್ ಸೀರೆಗಳನ್ನು ಕೌದಿ ಮಾಡಿಸಲು ಕಳಿಸಿದ್ದವಳು. ಅವಸರ ಇಲ್ಲ, ನಿಧಾನಕ್ಕೆ ಹೊಲಿಯಿರಿ ಎಂದಿದ್ದವಳು. ಆ ಕೌದಿಯನ್ನು ಸ್ವಪ್ನಾ ದೀಪಾವಳಿಗೆ ಮುಂಚೆಯೇ, ಏಳು ತಿಂಗಳ ಹಿಂದೆ ಕಳಿಸಿದ್ದಳು.

ಕಾವ್ಯಾ ಓದಿದಳು: “‘ನಮ್ಮವ್ವನ ಸೀರಿ ನಿಮ್ಮ ಕೈಯಾಗ ಕೊಟ್ಟು ವರ್ಷ ಆಗಾಕ ಬಂತು. ಸೀರಿನೂ ಇಲ್ಲ, ಕೌದಿನೂ ಇಲ್ಲ. ಜೂನ್ ಏಳಕ್ಕ ಅವ್ವನ ವರ್ಷದ ಪೂಜಿ ಅದ. ಮಾರ್ಕೊಂಡಿದ್ರ ಹೇಳಿಬಿಡ್ರಿ. ಕೊಂಡವರ ಮನಿಗೆ ಹೋಗಿ ಕೈಮುಗದು ಕೇಳ್ಕೊಂಡು ಬರ್ತೀನಿ.’”

ಬಸವಂತಮ್ಮನ ಕೈ ತಟ್ಟೆಯಲ್ಲೇ ನಿಂತಿತು. “ಸತ್ತವರ ಸೀರಿ ಮಾರ್ಕೊಂಡೀವಿ ಅಂತಾಳೇನು?”

ಕೆಳಗೆ ಆ್ಯಪಿನವರ ನೋಟಿಸೂ ಇತ್ತು. ಪಾರ್ಸಲ್ ಅಂಚೆಗೆ ಕೊಟ್ಟಿದ್ದಕ್ಕೆ ಪುರಾವೆಯನ್ನು ಹತ್ತು ದಿನದೊಳಗೆ ಕಳಿಸಬೇಕು. ಇಲ್ಲದಿದ್ದರೆ ಅಂಗಡಿ ಮುಚ್ಚಲಾಗುವುದು.

ಆಗೆಲ್ಲ ಆ್ಯಪಿನಲ್ಲಿ ಅಂಚೆಯ ನಂಬರು ಹಾಕಬೇಕಿರಲಿಲ್ಲ, ‘ಕಳಿಸಿದೆ’ ಎಂಬ ಗುಂಡಿ ಒತ್ತಿದರೆ ಸಾಕಿತ್ತು. ಆರು ತಿಂಗಳು ಕಳೆದರೆ ಗಿರಾಕಿಯ ವಿಳಾಸವೂ ಆ್ಯಪಿನಲ್ಲಿ ಕಾಣುತ್ತಿರಲಿಲ್ಲ.

“ಚೀಟಿ ಫೋಟೊ ಹೊಡದಿದ್ದೆ ವೈನಿ,” ಎಂದಳು ಕಾವ್ಯಾ ಸಣ್ಣ ದನಿಯಲ್ಲಿ. “ಆ ಫೋನು ಬಕೀಟಿನ್ಯಾಗ ಬಿತ್ತಲ್ಲ, ಅದರ ಜೋಡಿನ ಹೋತು.”

“ಫೋನು ಬಕೀಟಿನ್ಯಾಗ ಬೀಳತದ. ತಂತಿ ಬೀಳಂಗಿಲ್ಲ,” ಎಂದರು ಶರಣಯ್ಯ. ಅರ್ಧ ಊಟಕ್ಕೇ ಎದ್ದು ಕೈತೊಳೆದು, ಕನ್ನಡಕ ಹಾಕಿಕೊಂಡು, ಗಂಟೆ ಬಿಚ್ಚುವ ಪೂಜಾರಿಯ ಹಾಗೆ ಎರಡೂ ಕೈಯಿಂದ ತಂತಿಯನ್ನು ಇಳಿಸಿದರು. “ದೀಪಾವಳಿ ಹಿಂದ ಮುಂದ ಅಂದ್ರ ಇಲ್ಲೆಲ್ಲೋ ನಡುವ ಇರತದ.”

ಒಂದು ಚೀಟಿ ತಿರುಗಿಸಿದರು, ಮತ್ತೊಂದು ತಿರುಗಿಸಿದರು. ಆಮೇಲೆ ಹತ್ತು ಹತ್ತು ಒಟ್ಟಿಗೆ. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

ಕಾಗದವೆಲ್ಲ ಬಿಳಿ. ಬಿಸಿಗೆ ಅಕ್ಷರ ಮೂಡುವ ನುಣುಪು ಕಾಗದ ಅದು. ಪಡುವಣ ಕಿಟಕಿಯ ಬಿಸಿಲು ಮೂಡಿದ್ದನ್ನೆಲ್ಲ ಅಳಿಸಿ ಹಾಕಿತ್ತು. ಕಳೆದ ವಾರದ ನಾಲ್ಕು ಚೀಟಿಗಳಲ್ಲಿ ಮಾತ್ರ ಅಕ್ಷರ ಉಳಿದಿತ್ತು. ಶರಣಯ್ಯನವರು ತಂತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟರು. ತಟ್ಟೆಯಲ್ಲಿ ಉಳಿದಿದ್ದ ರೊಟ್ಟಿ ಒಣಗಿತು.

ಮರುದಿನ ಬೆಳಿಗ್ಗೆಯಿಂದ ಮನೆಯಲ್ಲಿ ಒಂದೇ ಜಗಳ, ಚೀಟಿ ಎಷ್ಟು ದಿನ ಇಡಬೇಕೆಂದು.

“ಗಿರಣ್ಯಾಗ ಏಳು ವರ್ಷ ಇಡ್ತಿದ್ವಿ,” ಎಂದರು ಶರಣಯ್ಯ.

“ಏಳು ವರ್ಷ ಇಟ್ಟು ಬಿಳಿ ಹಾಳಿ ತೋರಸ್ತಿ ಏನು ಯಪ್ಪಾ?” ಎಂದಳು ಕಾವ್ಯಾ.

“ನಿನ್ನ ಫೋಟೊ ಏಳು ತಿಂಗಳೂ ಇರಲಿಲ್ಲ.”

“ಮಾಲು ಮುಟ್ಟಿದ ಮ್ಯಾಲೆ ಯಾರು ಕೇಳ್ತಾರ ಅಂತ ಮಾಡಿದ್ದೆ.”

“ಕೇಳವ್ರು ಇಂಥಾ ದಿನ ಕೇಳತೀನಿ ಅಂತ ಹೇಳಿ ಬರಂಗಿಲ್ಲವಾ.”

ಬಸವಂತಮ್ಮ ಮಾತ್ರ ಯಾರ ಪರವೂ ಬಾಯಿ ಹಾಕಲಿಲ್ಲ. ಒರಳಿನ ಮುಂದೆ ಕೂತು ಶೇಂಗಾ ಕುಟ್ಟುತ್ತಿದ್ದರು. ಹಿಂಡಿಗೆ ಆ ದಿನ ಉಪ್ಪು ಎರಡು ಸಲ ಬಿತ್ತು.

ಸ್ವಪ್ನಾ ಯಶೋದಾಗೆ ಫೋನು ಮಾಡಿದಳು.

“ಕಳಿಸೀನ್ರಿ. ನನ್ನ ಕೈಯಾರ ಕಟ್ಟಿ ಕಳಿಸೀನಿ.”

“ಕಳಿಸಿದ್ರ ನಂಬರ್ ಹೇಳ್ರಿ.”

“ನಂಬರ್ ಇಲ್ರಿ.”

“ಹಂಗಾದ್ರ ನಾ ಏನಂತ ತಿಳ್ಕೊಳ್ಳಲಿ? ನೀವ ಹೇಳ್ರಿ.”

ಸ್ವಪ್ನಾ ಫೋನಿಟ್ಟು ಚಪ್ಪಲಿ ಮೆಟ್ಟಿದಳು. ಅಂಚೆ ಕಚೇರಿಗೆ ಹೋದಳು. ಕೌಂಟರಿನವರು ಪರಿಚಯದವರೇ. ಪಾಪ, ಸಮಾಧಾನದಿಂದ ಹೇಳಿದರು: “ನಂಬರ್ ಒಂದು ತರ್ರಿ ಅಕ್ಕಾರ. ಯಾರ ಕೈಗೆ ಮುಟ್ಟ್ಯಾದ, ಯಾವತ್ತು ಮುಟ್ಟ್ಯಾದ, ಎಲ್ಲಾ ತರಸಿ ಕೊಡ್ತೀನಿ. ನಂಬರ್ ಇಲ್ಲದ ಇಷ್ಟು ಪಾರ್ಸಲ್‌ನಾಗ ಎಲ್ಲಿ ಅಂತ ಹುಡಕಲಿ?”

ನಾಲ್ಕನೆಯ ದಿನ ಸ್ವಪ್ನಾ ಗಬ್ಬೂರಿನ ಬಸ್ಸು ಹತ್ತಿದಳು. ಅಂಗಡಿ ಮುಚ್ಚಬಹುದೆಂಬ ಮಾತನ್ನು ಫೋನಿನಲ್ಲಿ ಹೇಳುವುದು ಸರಿಯಲ್ಲ ಎನಿಸಿತ್ತು. ಪಕೀರಮ್ಮ ಅಂಗಳದ ಬೇವಿನ ನೆರಳಲ್ಲಿ, ಹೊಲಿಯುತ್ತಿದ್ದ ಕೌದಿಯ ಮೇಲೆಯೇ ಕಾಲು ಚಾಚಿ ಕೂತಿದ್ದಳು. ಎಲ್ಲ ಕೇಳಿಸಿಕೊಂಡಳು, ಸೂಜಿ ನಿಲ್ಲಿಸಲಿಲ್ಲ.

“ಅಂಗಡಿ ಬಂದಾದ್ರ ಬ್ಯಾಸರ ಇಲ್ಲವ್ವ, ಕೂಲಿ ಅದ. ಆದ್ರ ಸತ್ತಾಕಿ ಸೀರಿ ತಿಂದ್ರು ಅನ್ನೋದು ನಮ್ಮ ಕೈಗೆ ಹತ್ತಬಾರದು. ಅದು ತೊಳದ್ರ ಹೋಗಂಗಿಲ್ಲ.”

ಸ್ವಪ್ನಾ ತಲೆ ತಗ್ಗಿಸಿದಳು. ಮುಗಿದ ಕೌದಿಯೊಂದು ಪಕ್ಕದಲ್ಲೇ ಮಡಚಿಟ್ಟಿತ್ತು. ಅದರ ಒಂದು ಮೂಲೆ ಮಾತ್ರ ಬಾಯಿ ತೆರೆದುಕೊಂಡಿತ್ತು. ಎಲ್ಲ ಕೌದಿಗಳೂ ಹಾಗೆಯೇ ಬರುತ್ತವೆ. ಆ ಮೂಲೆಯನ್ನು ಮನೆಯಲ್ಲಿ ಅತ್ತೆಯೇ ಮುಚ್ಚುತ್ತಾರೆ. ಯಾಕೆಂದು ಅವಳು ಎಂದೂ ಕೇಳಿರಲಿಲ್ಲ.

“ಈ ಮೂಲಿ ನೀವ ಯಾಕ ಹೊಲಿಯಂಗಿಲ್ಲ?”

“ಹೊಟ್ಟಿ ತುಂಬಸೋದು ಹಿರೇರ ಕೆಲಸ. ಕೌದಿ ಖಾಲಿ ಹೊಟ್ಟಿಲೆ ಮನಿ ಬಿಡಬಾರದವ್ವ, ಹೊದ್ದವರಿಗೂ ಹಸಿವು ಹೋಗಂಗಿಲ್ಲ. ಮೊದಲು ರೊಟ್ಟಿ ಚೂರು, ಸಕ್ಕರಿ ಹಾಕ್ತಿದ್ದಳು ನಿಮ್ಮತ್ತಿ. ಇರಿವಿ ಹತ್ತತಾವ ಅಂತ ನೀವ ಬ್ಯಾಡ ಅಂದ್ರಂತಲ್ಲ.”

ಹೌದು, ಒಬ್ಬ ಗಿರಾಕಿ ಇರುವೆಯ ಫೋಟೊ ಕಳಿಸಿದ್ದ. ತಿನ್ನುವುದೇನೂ ಹಾಕಬೇಡಿ ಎಂದು ಸ್ವಪ್ನಾ, ಕಾವ್ಯಾ ಇಬ್ಬರೂ ಹೇಳಿದ್ದರು.

“ಈಗ ಏನ್ ಹಾಕ್ತಾರ?”

“ಯಾವುದೋ ಕಾಗದ ಅಂದ್ಲವ್ವ. ಸರಸ್ವತಿ ಅಂತ.”

ಸ್ವಪ್ನಾ ಸಂಜೆಯ ಬಸ್ಸಿಗೆ ಕಾಯಲಿಲ್ಲ. ಸಿಕ್ಕಿದ ಟಂಟಂ ಆಟೊ ಹತ್ತಿ, ಅದರಿಂದ ಇಳಿದು ಇನ್ನೊಂದು ಬಸ್ಸು ಹಿಡಿದು ಮನೆಗೆ ಬಂದಾಗ ಬಸವಂತಮ್ಮ ರೊಟ್ಟಿ ಬಡಿಯುತ್ತಿದ್ದರು.

“ಅತ್ತೀ, ಕೌದಿ ಮೂಲ್ಯಾಗ ಏನ್ ಹಾಕ್ತೀರಿ?”

ಕೈ ಒಂದು ಗಳಿಗೆ ನಿಂತು ಮತ್ತೆ ಬಡಿಯತೊಡಗಿತು. “ರೊಟ್ಟಿ ಬ್ಯಾಡ ಅಂದ್ರಿ. ಖಾಲಿ ಹೊಟ್ಟಿಲೆ ಹೆಂಗ ಕಳಸಲಿ? ನಿಮ್ಮ ಮಾವನ ತಂತ್ಯಾಗಿಂದು ಒಂದು ಚೀಟಿ ತಕ್ಕೊಂಡು ಹಾಕ್ತೀನಿ.”

“ಯಾವ ಚೀಟಿ?”

“ಹಿಂಡಿ ಕಳಿಸಿದ ಚೀಟಿ ಅಲ್ಲವಾ. ಅದಕಿಂತ ಮೊದಲು ಹೋದ ಕೌದೀದು. ನೀ ತಂದ ದಿನಾನ ಮೂಲಿ ಮಡಚಿ ಗುರುತು ಮಾಡಿರತೀನಿ. ಅಕ್ಕ ಹೋದ ಹಾದ್ಯಾಗ ತಂಗಿ ಹೋಗಲಿ, ದಾರಿ ತಪ್ಪಬಾರದು ಅಂತ.”

ಪಡಸಾಲೆಯಿಂದ ಶರಣಯ್ಯ ಎದ್ದು ಬಂದರು. “ನನ್ನ ತಂತಿಗೆ ಕೈ ಹಾಕೀಯೇನು ನೀ? ಇಷ್ಟು ದಿನದಿಂದ?”

“ಹಾಕೀನಿ. ಏನ್ ಮಾಡ್ತೀರೀಗ?”

ಅವರು ಏನೂ ಮಾಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತರು.

“ನಾಕು ದಿನದಿಂದ ಇಷ್ಟು ಜಗಳ ನಡದದ,” ಎಂದಳು ಸ್ವಪ್ನಾ. “ಯಾಕ ಹೇಳಲಿಲ್ರಿ ಅತ್ತಿ? ಬೈತೀನಂತೇನು?”

“ಬೈದಿದ್ರ ಛಲೋ ಆಗಿತ್ತವಾ,” ಎಂದರು ಬಸವಂತಮ್ಮ. “ನೀ ಬೈಯಂಗಿಲ್ಲ, ಅಳಂಗಿಲ್ಲ, ಏನೂ ಅನ್ನಂಗಿಲ್ಲ. ಅದಕ ಹೆದರಿಕಿ.”

ಹೆಂಚಿನ ಮೇಲೆ ರೊಟ್ಟಿ ಉಬ್ಬಿತು. ಅದನ್ನು ತಿರುವಿ ಹಾಕಿ, ಹಿಟ್ಟಿನ ಬೆರಳುಗಳನ್ನು ಮಡಚುತ್ತ ಅವರು ಎಣಿಸತೊಡಗಿದರು. “ಮಾನ್ವಿ ಹುಡುಗೀದು ಮೂರು ಇಳಕಲ್ ಸೀರಿದು, ಹಸರು ಅಂಚು. ಅದರ ಬೆನ್ನಿಗೆ ಹೋಗಿದ್ದು ದೇವದುರ್ಗದ ಬಾಣಂತೀದು, ಮಾನ್ವಿ ಚೀಟಿ ಅದರಾಗ ಅದ. ಹಳದಿ, ನಡುವ ಆನಿ. ಅದರ ಹಿಂದ ಬೀದರಿಗೆ, ನೀಲಿದು. ಅದರ ಹಿಂದ...” ಹೀಗೆ ನಲವತ್ತೆರಡು ಕೌದಿ. ಬಣ್ಣ, ಊರು, ಯಾವ ಮೂಲೆಯಲ್ಲಿ ತೇಪೆ ಎಂಬುದರ ಸಮೇತ. ಕಾವ್ಯಾ ನಡುವೆ ನಿಲ್ಲಿಸಿ ಹಿಂದಿನಿಂದ ಕೇಳಿದರೆ ಹಿಂದಿನಿಂದಲೂ ಹೇಳಿದರು.

ಸ್ವಪ್ನಾ ಗೋಡೆಗೆ ಒರಗಿ ಕೇಳುತ್ತಿದ್ದಳು. ಬೀದರ, ಪುಣೆ, ಕರ್ನೂಲು, ಮೈಸೂರು. ಎಲ್ಲೆಲ್ಲೋ, ಯಾರ್ಯಾರೋ ಹೊದ್ದು ಮಲಗುವ ಕೌದಿಗಳು. ಒಂದೊಂದರ ಒಳಗೂ ಅದಕ್ಕಿಂತ ಮೊದಲಿನದು ಹೊರಟಿದ್ದಕ್ಕೆ ಸಾಕ್ಷಿ. ಹೊದ್ದವರಿಗೆ ಗೊತ್ತಿಲ್ಲ, ಕಳಿಸಿದ ತನಗೂ ಗೊತ್ತಿರಲಿಲ್ಲ. ಅವಳ ತೋಳಿನ ಮೇಲೆ ರೋಮ ಎದ್ದಿತ್ತು. ಅದನ್ನು ಅವಳು ಬೇರೆ ಯಾರದೋ ತೋಳು ಎಂಬಂತೆ ನೋಡಿಕೊಂಡಳು.

ದೇವದುರ್ಗದ ಬಾಣಂತಿಯ ಹೆಸರು ಮಿನಾಜ್. ಮಗು ಹುಟ್ಟಿದಾಗ ಕೌದಿಯ ಮೇಲೆ ಮಲಗಿಸಿ ಫೋಟೊ ಕಳಿಸಿದ್ದಳು, ಸ್ವಪ್ನಾ ಉತ್ತರಿಸಿರಲಿಲ್ಲ. ಆ ನಂಬರು ಫೋನಿನಲ್ಲಿತ್ತು. ಫೋನು ಮಾಡಿ, ನಾಚಿಕೊಂಡು, ವಿಷಯ ಹೇಳಿದಳು. ಮಿನಾಜ್ ಕೇಳಿದಳು: “ನಮ್ಮ ಕೌದ್ಯಾಗ? ಬರ್ರಿ ಅಕ್ಕಾ, ಬಂದು ನೋಡ್ರಿ.”

ಮರುದಿನ ಅತ್ತೆ ಸೊಸೆ ಇಬ್ಬರೂ ಹೋದರು. ಬಸ್ಸಿನಲ್ಲಿ ಬಸವಂತಮ್ಮ ಒಂದೇ ಪ್ರಶ್ನೆ ಕೇಳಿದರು: “ಒಗದಿದ್ರ?” ಸ್ವಪ್ನಾ ಅದನ್ನು ರಾತ್ರಿಯೇ ಯೋಚಿಸಿದ್ದಳು. ಫೋನಿನಲ್ಲಿ ಕೇಳಲು ಧೈರ್ಯ ಸಾಲದೆ ಬಿಟ್ಟಿದ್ದಳು.

ಮಿನಾಜಳ ಮಾವ ಖಾಜಾಮಿಯಾ ಬಾಗಿಲಲ್ಲೇ ನಿಂತಿದ್ದರು. ನಲವತ್ತು ವರ್ಷ ದರ್ಜಿಯಾಗಿದ್ದ ಮುದುಕರು. ಹೊಲಿಗೆ ಯಂತ್ರ ಈಗಲೂ ಪಡಸಾಲೆಯಲ್ಲಿತ್ತು.

“ಬರ್ರಿ ಅಮ್ಮಾ, ಕುಂದರ್ರಿ. ಆದ್ರ ಸಾಹೇಬರು ಮಲಗ್ಯಾರ,” ಎಂದು ನೆಲದತ್ತ ತೋರಿಸಿದರು. ಹಳದಿ ಕೌದಿಯ ಮೇಲೆ ಐದು ತಿಂಗಳ ಕೂಸು ಕೈಕಾಲು ಚೆಲ್ಲಿ ನಿದ್ದೆ ಹೋಗಿತ್ತು. “ಅವರು ಏಳೋತನಕ ಕೌದಿಗೆ ಯಾರೂ ಕೈ ಹಚ್ಚಂಗಿಲ್ಲ. ನಮ್ಮ ಮನ್ಯಾಗ ಇದ ಕಾನೂನು.”

“ಒಗದೀರೇನ್ರಿ ಇದನ್ನ?” ಬಸವಂತಮ್ಮ ಚಪ್ಪಲಿ ಬಿಡುವ ಮೊದಲೇ ಕೇಳಿದರು.

“ಇಲ್ಲಬೇ ಅಮ್ಮಾ,” ಎಂದಳು ಮಿನಾಜ್. “ಮ್ಯಾಲೆ ಪ್ಲಾಸ್ಟಿಕ್ಕು, ಅದರ ಮ್ಯಾಲೆ ಬಟ್ಟಿ. ಮಾವ ಒಗಿಯಾಕ ಬಿಡಂಗಿಲ್ಲ. ಬಣ್ಣ ಹೋಗತದ ಅಂತ.”

ಒಂದು ಗಂಟೆ ಎಲ್ಲರೂ ಕೂಸಿನ ಮುಖ ನೋಡುತ್ತ ಕೂತರು. ಚಹಾ ಬಂತು, ಮಂಡಾಳು ಒಗ್ಗರಣಿ ಬಂತು. ಎಲ್ಲರೂ ಪಿಸುಮಾತಿನಲ್ಲೇ ಮಾತಾಡಿದರು. ಕೂಸು ಎದ್ದು, ಎಲ್ಲರನ್ನೂ ಒಮ್ಮೆ ನೋಡಿ, ಅಳಬೇಕೋ ಬೇಡವೋ ಎಂದು ಯೋಚಿಸಿ ಬಿಟ್ಟುಬಿಟ್ಟಿತು.

ಖಾಜಾಮಿಯಾ ಕೌದಿಯನ್ನು ತೊಡೆಗೆ ಎಳೆದುಕೊಂಡರು. ಬಸವಂತಮ್ಮ ಮೂಲೆ ತೋರಿಸಿದರು. ಮಿನಾಜ್ ಕತ್ತರಿ ತಂದರೆ ಮುದುಕರು ಬೇಡವೆಂದರು. ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತಿದರು. ಏಳನೆಯದಕ್ಕೆ ನಿಂತು ಕೇಳಿದರು: “ಇದು ಯಾರ ಕೈ?”

“ಮೂಲಿ ನನ್ನದು. ಉಳಿದದ್ದು ಗಬ್ಬೂರಿನ ಪಕೀರಮ್ಮಂದು.”

“ನನ್ನ ಮಷಿನ್ನಿಗೆ ಇಷ್ಟು ಸಮ ಬರಂಗಿಲ್ಲಮ್ಮಾ,” ಎಂದರು ಮುದುಕರು.

ಒಳಗಿನಿಂದ ನಾಲ್ಕು ಮಡಿಕೆಯ ಕಾಗದ ಬಂತು. ಸ್ವಪ್ನಾ ಬಿಡಿಸಿದಳು. ಕತ್ತಲಲ್ಲಿ, ಅರಿವೆಯ ತಂಪಿನಲ್ಲಿ ಇದ್ದ ಅಕ್ಷರಗಳು ಸ್ವಲ್ಪ ಮಾಸಿದ್ದವು, ಅಳಿಸಿರಲಿಲ್ಲ. ತಾರೀಖು. ಮಾನ್ವಿ. ಯಶೋದಾ. ಮೇಲೆ ಉದ್ದಕ್ಕೆ ನಂಬರು, ಒಂದು ಅಂಕಿಯೂ ಬಿಡದಂತೆ. ಅವಳು ಬಾಯಿಬಿಟ್ಟು ಓದಿದಳು. ಮಿನಾಜ್ ಅವಳ ಭುಜದ ಮೇಲಿಂದ ಬಗ್ಗಿ ಅದನ್ನೇ ಮತ್ತೊಮ್ಮೆ ಓದಿದಳು.

“ಈಗ ಇದರ ಹೊಟ್ಟಿ ಖಾಲಿ ಆತಲ್ಲ,” ಎಂದರು ಬಸವಂತಮ್ಮ. ಅವರಿಗೆ ಅದೇ ಚಿಂತೆ.

ಮಿನಾಜ್ ಒಳಗೆ ಹೋಗಿ ಬಂದಳು. ಅಂಗೈಯಲ್ಲಿ ಒಂದು ಸಣ್ಣ ಪಟ್ಟಿ. ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಕೂಸಿನ ಕೈಗೆ ಕಟ್ಟಿದ್ದದ್ದು. ತಾಯಿಯ ಹೆಸರು, ಹೊತ್ತು, ತೂಕ. “ಇದು ಆಗತದೇನಬೇ?”

ಬಸವಂತಮ್ಮ ಅದನ್ನು ಕಣ್ಣಿಗೆ ಒತ್ತಿಕೊಂಡು ಮೂಲೆಗೆ ಸೇರಿಸಿದರು. ಖಾಜಾಮಿಯಾ ಸೂಜಿಗೆ ದಾರ ಪೋಣಿಸಿಕೊಟ್ಟರು.

ಆರನೆಯ ದಿನ ಸ್ವಪ್ನಾ ಅಂಚೆ ಕಚೇರಿಗೂ ಆ್ಯಪಿಗೂ ನಂಬರು ಕೊಟ್ಟಳು. ಎಂಟನೆಯ ದಿನ ಎರಡು ಉತ್ತರ ಬಂದವು. ಆ್ಯಪಿನವರದು ಒಂದೇ ಸಾಲು, ಅಂಗಡಿ ಮುಂದುವರಿಯಬಹುದು ಎಂದು. ಅಂಚೆಯವರು ಕೌದಿ ಮುಟ್ಟಿದ ತಾರೀಖನ್ನೂ ಪಡೆದವರ ಹೆಸರನ್ನೂ ತಿಳಿಸಿದ್ದರು. ಸೂಗಮ್ಮ, ಹೆಬ್ಬೆಟ್ಟು ಗುರುತು.

ಸ್ವಪ್ನಾ ಫೋನಿನಲ್ಲಿ ಹೇಳಿದ ಆ ಹೆಸರನ್ನು ಯಶೋದಾ ಎರಡು ಸಲ ಹೇಳಿಸಿಕೊಂಡಳು. “ನಾ ಮೊದಲಿದ್ದ ಮನಿ ಮಾಲಕರು ಆಕಿ,” ಎಂದಳು. “ದಸರಾಕ್ಕ ಮನಿ ಬಿಟ್ಟೆ. ಆ್ಯಪಿನ್ಯಾಗ ಅಡ್ರೆಸ್ ಬದಲಿಸೀನಿ ಅಂತ ಮಾಡಿದ್ದೆ.”

ಮನೆಯಲ್ಲಿ ಆಗಲೇ ಹೊಸ ಏರ್ಪಾಟು ಶುರುವಾಗಿತ್ತು. ರಸೀದಿ ಬಂದ ತಕ್ಷಣ ಕಾವ್ಯಾ ಫೋಟೊ ತೆಗೆದು ತನಗೂ ವೈನಿಗೂ ಮೇಲ್ ಮಾಡಬೇಕು. ಶರಣಯ್ಯ ನಂಬರನ್ನು ಶಾಯಿಯಲ್ಲಿ ರಜಿಸ್ಟರಿಗೆ ಏರಿಸಬೇಕು. ಚೀಟಿ ತಗಡಿನ ಡಬ್ಬಿಗೆ. ಎಷ್ಟು ದಿನ ಎಂಬುದು ಮಾತ್ರ ಬಗೆಹರಿಯಲಿಲ್ಲ. ಕಾವ್ಯಾ ಎರಡು ವರ್ಷಕ್ಕೆ ಇಳಿದಿದ್ದಳು, ಅಪ್ಪ ಏಳರಿಂದ ಕದಲಲಿಲ್ಲ. “ಎರಡಕ್ಕ ಒಪ್ಪಿದ್ರ ನಾ ಗುಮಾಸ್ತನ ಅಲ್ಲ,” ಎನ್ನುತ್ತಿದ್ದರು, ಎರಡನೆಯ ರೊಟ್ಟಿ ಕೇಳಿ ಹಾಕಿಸಿಕೊಳ್ಳುತ್ತ.

ಜೂನ್ ಐದಕ್ಕೆ ಸ್ವಪ್ನಾ ಮಾನ್ವಿಗೆ ಹೋದಳು. ಯಾರೂ ಹೋಗು ಎಂದಿರಲಿಲ್ಲ. ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ಯಶೋದಾಗೆ ಮೂವತ್ತೈದರ ಪ್ರಾಯ. ಬಿಗಿದ ಮುಖ. ದಾರಿಯುದ್ದಕ್ಕೂ ಇಬ್ಬರೂ ಬಿಸಿಲಿನ ಬಗ್ಗೆ ಮಾತಾಡಿದರು.

ಸೂಗಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಯಶೋದಾಳನ್ನು ಕಂಡದ್ದೇ ಮೊರ ಕೆಳಗಿಟ್ಟಳು.

“ಬಂದೇನಬೇ ಮಾರಾಯ್ತಿ? ಮನಿ ಬಿಟ್ಟಾಕಿ ನಂಬರ್ ಕೊಡಲಿಲ್ಲ, ಓಣಿ ಹೇಳಲಿಲ್ಲ. ಊರಾಗ ಇದ್ದು ಇತ್ತ ಮಾರಿ ಹಾಕಲಿಲ್ಲ. ನಿಂದೊಂದು ಸಾಮಾನು ಅದ ನನ್ನ ಕಡೆ.”

ಒಳಗಿನ ಟ್ರಂಕಿನಿಂದ ಒಂದು ಗಂಟು ತಂದಳು. ಒಗೆದ ಬಿಳಿ ಪಂಜೆಯಲ್ಲಿ ಸುತ್ತಿ, ನಡುನಡುವೆ ಬೇವಿನ ಎಲೆ ಇಟ್ಟಿದ್ದಳು. ಪಂಜೆ ಬಿಡಿಸಿದರೆ ಒಳಗೆ ಸ್ವಪ್ನಾ ಕಟ್ಟಿದ ಪಾರ್ಸಲ್, ಅವಳದೇ ಕೈಬರಹ, ಅವಳು ಹಾಕಿದ ಗಂಟು. ಒಂದು ಎಳೆಯೂ ಸಡಿಲವಾಗಿರಲಿಲ್ಲ.

“ಬಿಚ್ಚಿ ನೋಡಲಿಲ್ಲೇನ್ರಿ?” ಎಂದಳು ಸ್ವಪ್ನಾ.

“ನನ್ನ ಹೆಸರಿಲ್ಲವಾ ಅದರ ಮ್ಯಾಲೆ. ಟಪಾಲಿನಾಂವ ಓದಿ ಹೇಳಿದ, ಯಶೋದಾ ಅಂತ. ಕೊಡ್ತೀನಪ್ಪಾ ಅಂತ ಹೆಬ್ಬೆಟ್ಟು ಒತ್ತೀನಿ.”

“ಏಳು ತಿಂಗಳಾತು. ಎಷ್ಟು ದಿನ ಇಡಬೇಕಂತ ಮಾಡಿದ್ರಿ?”

ಸೂಗಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಓದಿದವಳಂತೆ ಕಾಣುವ ಹುಡುಗಿ ಇಂಥದ್ದು ಕೇಳುತ್ತಾಳಲ್ಲ ಎಂಬಂತೆ. “ಆಕಿ ಬರೋತನಕ,” ಎಂದು ಮತ್ತೆ ಮೊರ ಎತ್ತಿಕೊಂಡಳು.

ಯಶೋದಾ ಗಂಟು ಬಿಚ್ಚಿದಳು. ಕೌದಿ ಕಟ್ಟೆಯ ಮೇಲೆ ಹರಡಿಕೊಂಡಿತು. ಅವಳು ಹಸಿರು ಅಂಚಿನ ಮೇಲೆ ಕೈಯಿಟ್ಟಳು, ಕೈ ತೆಗೆಯಲಿಲ್ಲ. “ಇದು ಅವ್ವ ಸಂತಿಗೆ ಉಡ್ತಿದ್ದ ಸೀರಿ,” ಎಂದಳು. ಮುಖ ಎತ್ತದೆ ಹೇಳಿದಳು: “ಮಾರ್ಕೊಂಡೀರಿ ಅಂದಿದ್ದೆ ನಿಮಗ.”

“ಹ್ಞೂಂ. ಅಂದಿದ್ರಿ.”

ನಂಬರು ಸಿಕ್ಕ ಬಗೆಯನ್ನು ಸ್ವಪ್ನಾ ಫೋನಿನಲ್ಲೇ ಹೇಳಿದ್ದಳು. ಯಶೋದಾ ಈಗ ಮೂಲೆಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ನಾಲ್ಕನೆಯದರಲ್ಲಿ ಕಾಗದ ಸಣ್ಣಗೆ ಸಪ್ಪಳ ಮಾಡಿತು.

“ಇದರಾಗ ಯಾರದು ಅದ?”

“ನನಗ ಗೊತ್ತಿಲ್ರಿ. ಅತ್ತಿಗೆ ಗೊತ್ತು.”

“ಬಿಚ್ಚಿ ಕೊಡ್ಲಿ?”

“ಬ್ಯಾಡ್ರಿ. ಅವರೇನೂ ಕೇಳಿಲ್ಲ.”

“ನಾಳೆ ಕೇಳಿದ್ರ? ಒಗದ್ರ ಅಕ್ಷರ ಹೋಗತಾವಲ್ಲ?”

“ಹೋಗತಾವ.”

“ಹಂಗಾದ್ರ ಎಷ್ಟು ದಿನ ಒಗಿಬಾರದು? ಹೇಳ್ರಿ.”

ಎರಡು ವರ್ಷ ಎನ್ನಲೋ ಏಳು ಎನ್ನಲೋ ತಿಳಿಯದೆ ಸ್ವಪ್ನಾ ನಿಂತಳು. ಯಶೋದಾ ಉತ್ತರಕ್ಕೆ ಕಾಯಲಿಲ್ಲ. ಕಾಗದವಿದ್ದ ಮೂಲೆಯನ್ನು ಎಲ್ಲಕ್ಕಿಂತ ಒಳಗೆ ಮಾಡಿ ಕೌದಿಯನ್ನು ಮಡಚತೊಡಗಿದ್ದಳು.

“ಇರ್ಲಿ ಬಿಡ್ರಿ,” ಎಂದಳು. “ನಮ್ಮವ್ವನ ಸೀರಿ ಇವು. ನಾ ಹೆಂಗೂ ಒಗಿಯಂಗಿಲ್ಲ.”